‘ಷೆಡ್ ಬರ್ತಿದೆ’: ಬ್ರಿಟನ್ನಿನ ಹುಡುಗರು ರೈಲನ್ನು ಓದುವುದು ಹೇಗೆ

ಡಾಂಕಾಸ್ಟರ್ ಸ್ಟೇಷನ್ನಿನಲ್ಲಿ ನನಗೆ ಒಂದೂವರೆ ಗಂಟೆ ಬಿಡುವು ಸಿಕ್ಕಿತ್ತು. ಬಿಡುವು ಅನ್ನುವುದು ಮರ್ಯಾದೆಯ ಮಾತು. ನಾನು ಬಂದ ರೈಲು ತಡವಾಯಿತು, ಹಿಡಿಯಬೇಕಿದ್ದ ರೈಲು ಕಣ್ಣೆದುರೇ ಹೊರಟುಹೋಯಿತು. ಮಾರ್ಚ್ ತಿಂಗಳ ಚಳಿ. ಪೇಪರ್ ಲೋಟದಲ್ಲಿ ಚಹಾ ಹಿಡಿದು ಸುಮ್ನೆ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದೆ. ಚಾವಣಿ ಮುಗಿಯಿತು, ಬೆಂಚುಗಳು ಮುಗಿದವು, ಜನರೂ ಮುಗಿದರು. ತುದಿಯಲ್ಲಿ ಒಬ್ಬ ಹುಡುಗ ಮಾತ್ರ ನಿಂತಿದ್ದ.

ಹದಿನೈದು ಹದಿನಾರು ವಯಸ್ಸಿರಬಹುದು. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಫೋನು, ಜಾಕೆಟ್ಟಿನ ಜೇಬಿನಿಂದ ಇಣುಕುತ್ತಿದ್ದ ಒಂದು ಪುಟ್ಟ ಪುಸ್ತಕ. ಫೋನು ನೋಡುತ್ತಿದ್ದ, ದಕ್ಷಿಣದ ಕಡೆ ಹಳಿ ನೋಡುತ್ತಿದ್ದ, ಮತ್ತೆ ಫೋನು. ಯಾವ ರೈಲಿಗೆ ಕಾಯ್ತಿದ್ದೀಯಪ್ಪಾ ಅಂತ ಕೇಳಿದೆ. ತಲೆ ಎತ್ತದೆ ಹೇಳಿದ: “ಷೆಡ್ ಬರ್ತಿದೆ.”

ನಾನು ಪೆದ್ದನ ಹಾಗೆ ಅತ್ತಿತ್ತ ನೋಡಿದೆ. ನಮ್ಮಲ್ಲಿ ಷೆಡ್ ಅಂದರೆ ಎಂಜಿನ್ನುಗಳು ಹೋಗಿ ನಿಲ್ಲುವ ಜಾಗ. ಕೃಷ್ಣರಾಜಪುರದಲ್ಲಿ ಲೋಕೋ ಷೆಡ್ ಇದೆಯಲ್ಲ, ಹಾಗೆ. ಅದು ಹೊರಟು ಬರುವುದು ಹೇಗೆ?

ಷೆಡ್ ಅನ್ನುವುದು ಒಂದು ಎಂಜಿನ್ನಿನ ಅಡ್ಡಹೆಸರಂತೆ. ಕಾಗದದ ಮೇಲೆ ಅದು ‘ಕ್ಲಾಸ್ 66’. ಬ್ರಿಟನ್ನಿನಲ್ಲಿ ಗೂಡ್ಸ್ ರೈಲು ಕಂಡರೆ ಅದರ ಮುಂದೆ ಈ ಡೀಸೆಲ್ ಎಂಜಿನ್ ಇರುವ ಸಾಧ್ಯತೆಯೇ ಜಾಸ್ತಿ. ಅಮೆರಿಕದ ಇಎಂಡಿ ಕಂಪನಿ ರೂಪಿಸಿದ್ದು. ಮೊದಲನೆಯದು ಬ್ರಿಟನ್ನಿಗೆ ಹಡಗಿನಲ್ಲಿ ಬಂದಿಳಿದದ್ದು 1998ರಲ್ಲಿ. ಬಹುಪಾಲು ತಯಾರಾದದ್ದು ಲಂಡನ್ನಿನಲ್ಲೇ, ಆದರೆ ಆ ಲಂಡನ್ ಕೆನಡಾದ್ದು. ಒಂಟಾರಿಯೋದಲ್ಲಿ ಅದೇ ಹೆಸರಿನ ಊರೊಂದಿದೆ. ಒಂದೇ ಗೂಡ್ಸ್ ಕಂಪನಿ ಒಟ್ಟಿಗೆ 250 ಎಂಜಿನ್ ತರಿಸಿಕೊಂಡಿತು. ಇಳಿಜಾರು ಚಾವಣಿ, ಪಕ್ಕದಲ್ಲಿ ಗೆರೆಗೆರೆ ತಗಡು. ಇಂಗ್ಲಿಷರ ಹಿತ್ತಲಲ್ಲಿ ಗುದ್ದಲಿ, ಹುಲ್ಲು ಕತ್ತರಿಸುವ ಮಿಷನ್ನು ಇಡಲು ಒಂದು ಸಣ್ಣ ಗೂಡು ಇರುತ್ತದೆ. ಅದಕ್ಕೆ ಅವರು ಷೆಡ್ ಅನ್ನುತ್ತಾರೆ. ಎಂಜಿನ್ನು ಥೇಟ್ ಹಾಗೇ ಇದೆ ಅಂತ ಯಾರೋ ನಕ್ಕರು, ಹೆಸರು ಅಂಟಿಕೊಂಡಿತು.

ಎಲ್ಲ ಅಡ್ಡಹೆಸರೂ ಹೀಗೆ ಕಣ್ಣಿನಿಂದ ಹುಟ್ಟಿದ್ದಲ್ಲ. ಜಾಸ್ತಿ ಹುಟ್ಟಿರುವುದು ಕಿವಿಯಿಂದ. ಕ್ಲಾಸ್ 37 ‘ಟ್ರ್ಯಾಕ್ಟರ್’, ಅದರ ಗುಡುಗುಡು ಕೇಳಿದರೆ ಯಾಕೆ ಅಂತ ಕೇಳಬೇಕಾಗಿಲ್ಲ. ಕ್ಲಾಸ್ 20ಕ್ಕೆ ‘ಚಾಪರ್’, ಹೆಲಿಕಾಪ್ಟರಿನ ಸದ್ದು. ಕ್ಲಾಸ್ 40 ಶಿಳ್ಳೆ ಹೊಡೆಯುತ್ತದೆ, ಹಾಗಾಗಿ ‘ವಿಸ್ಲರ್’. ಕ್ಲಾಸ್ 50ರ ಫ್ಯಾನುಗಳು ಮನೆ ಗುಡಿಸುವ ವ್ಯಾಕ್ಯೂಮ್ ಮಿಷನ್ನಿನ ಹಾಗೆ ಊದುತ್ತಿದ್ದವು, ಅದು ‘ಹೂವರ್’. ಸ್ಟೀಮ್ ಎಂಜಿನ್ನುಗಳಿಗೆಲ್ಲ ಸೇರಿಸಿ ಒಂದೇ ಹೆಸರು, ‘ಕೆಟಲ್’. ನೀರು ಕಾಯಿಸುವ ಪಾತ್ರೆ ತಾನೇ, ತಪ್ಪೇನಿಲ್ಲ.

ಈ ಹವ್ಯಾಸಕ್ಕೆ ಟ್ರೇನ್‌ಸ್ಪಾಟಿಂಗ್ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಸಿಕ್ಕಾಪಟ್ಟೆ ಸರಳ. ರೈಲು ಬರುತ್ತದೆ, ಫೋಟೋ ತೆಗೆಯುತ್ತಾರೆ, ಎಂಜಿನ್ನಿನ ನಂಬರ್ ಬರೆದುಕೊಳ್ಳುತ್ತಾರೆ. ಇದರಲ್ಲಿ ಏನಿದೆ ಮಹಾ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆ ಹುಡುಗನ ಪಕ್ಕ ನಿಂತ ಮೇಲೆ ಗೊತ್ತಾಯಿತು, ಅವನು ಓದುತ್ತಿದ್ದಾನೆ ಅಂತ. ರೈಲ್ವೆಯವರು ತಮ್ಮ ಕೆಲಸಕ್ಕಾಗಿ ಎಂಜಿನ್ನಿನ ಮೈಮೇಲೆ, ವೇಳಾಪಟ್ಟಿಯಲ್ಲಿ, ಸಿಗ್ನಲ್ಲಿನ ಪರದೆಯಲ್ಲಿ ಏನೇನೋ ಬರೆದುಕೊಂಡಿರುತ್ತಾರೆ. ಅದು ಪ್ರಯಾಣಿಕರಿಗಾಗಿ ಬರೆದದ್ದಲ್ಲ. ನಾವು ಅದನ್ನು ನೋಡುತ್ತೇವೆ, ಓದುವುದಿಲ್ಲ. ಈ ಮಕ್ಕಳು ಕುಳಿತು ಆ ಲಿಪಿ ಕಲಿತಿದ್ದಾರೆ.

ಮೊದಲ ಪಾಠ, ನಂಬರ್. ಅವನು ಕಾಯುತ್ತಿದ್ದ ಎಂಜಿನ್ನು 66779. ಇದನ್ನು ಅರವತ್ತಾರು ಸಾವಿರದ ಚಿಲ್ಲರೆ ಅಂತ ಓದಿದರೆ ಅವರು ನಗುತ್ತಾರೆ. ಅರವತ್ತಾರು ಅಂದು ಒಂದು ಉಸಿರು ಬಿಡಬೇಕು, ಆಮೇಲೆ ಏಳು ಏಳು ಒಂಬತ್ತು. ಮೊದಲ ಎರಡು ಅಂಕಿ ಎಂಜಿನ್ನಿನ ಜಾತಿ, ಉಳಿದ ಮೂರು ಆ ಜಾತಿಯೊಳಗಿನ ಅದರದೇ ಗುರುತು. ಈ ಪದ್ಧತಿ ಬಂದದ್ದು ಕಂಪ್ಯೂಟರಿನಿಂದ. ಅಮೆರಿಕದ ಸದರ್ನ್ ಪೆಸಿಫಿಕ್ ರೈಲ್ವೆ ತನ್ನ ವ್ಯಾಗನ್ನು, ಎಂಜಿನ್ನುಗಳ ಲೆಕ್ಕ ಇಡಲು ‘ಟಾಪ್ಸ್’ ಅನ್ನುವ ಒಂದು ಕಂಪ್ಯೂಟರ್ ವ್ಯವಸ್ಥೆ ಬಳಸುತ್ತಿತ್ತು. ಬ್ರಿಟನ್ನಿನ ಆಗಿನ ಸರ್ಕಾರಿ ರೈಲ್ವೆ, ಅಂದರೆ ‘ಬ್ರಿಟಿಷ್ ರೈಲು’ ಸಂಸ್ಥೆ, ಅದನ್ನು ಕೊಂಡು ತಂದಿತು. ಅದಕ್ಕೂ ಮುಂಚೆ ಡೀಸೆಲ್ ಎಂಜಿನ್ನಿನ ನಂಬರಿನ ಮುಂದೆ ‘ಡಿ’, ವಿದ್ಯುತ್ ಎಂಜಿನ್ನಿಗೆ ‘ಇ’ ಅಂತ ಅಕ್ಷರ ಇತ್ತು. 1970ರ ದಶಕದ ಶುರುವಿನಲ್ಲಿ ಸಾವಿರಾರು ಎಂಜಿನ್ನುಗಳ ಹಳೇ ನಂಬರ್ ಅಳಿಸಿ ಹೊಸದು ಬರೆದರು.

ಸ್ಥೂಲವಾಗಿ 69ರವರೆಗೆ ಡೀಸೆಲ್ ಎಂಜಿನ್, 80, 90ರ ಸಾಲಿನಲ್ಲಿ ಮೇಲಿನ ತಂತಿಯಿಂದ ಓಡುವ ವಿದ್ಯುತ್ ಎಂಜಿನ್. ನಿಯಮ ಮುರಿದು ಒಳಗೆ ನುಗ್ಗಿದವೂ ಇವೆ. ಈಗಿನ ಕ್ಲಾಸ್ 70 ಡೀಸೆಲ್ಲು, ಇರಬೇಕಾದ ಸಾಲಿನಲ್ಲಿ ಅದು ಇಲ್ಲ. ನಂಬರು ಐದಂಕಿ ಇದ್ದರೆ ಎಂಜಿನ್, ಆರಂಕಿ ಇದ್ದರೆ ಬೇರೆ ಎಂಜಿನ್ ಬೇಡದ, ಬೋಗಿಗಳ ಅಡಿಯಲ್ಲೇ ಮೋಟಾರು ಇರುವ ರೈಲು. ನಮ್ಮ ಮೆಮು, ಡೆಮು ರೈಲುಗಳ ಹಾಗೆ. ಲಂಡನ್ನಿನಿಂದ ಎಡಿನ್‌ಬರೋಗೆ ಡಾಂಕಾಸ್ಟರ್ ಮೇಲೆ ಹೋಗುವ ‘ಅಜುಮಾ’ ಈ ಆರಂಕಿ ಜಾತಿಯದು. ಹಿಟಾಚಿ ಕಂಪನಿಯದು, ಅಜುಮಾ ಅಂದರೆ ಜಪಾನಿನ ಭಾಷೆಯಲ್ಲಿ ಪೂರ್ವ. 801 ಅಂತ ಶುರುವಾದರೆ ಅದು ವಿದ್ಯುತ್ತಿನ ರೈಲು. 800 ಆದರೆ ತಂತಿ ಮುಗಿದ ಮೇಲೂ ಡೀಸೆಲ್ಲಿನಲ್ಲಿ ಓಡಿಕೊಂಡು ಹೋಗುತ್ತದೆ. ಒಂದೇ ಅಂಕಿಯ ವ್ಯತ್ಯಾಸ. ಪ್ಲಾಟ್‌ಫಾರ್ಮಿನಲ್ಲಿ ನಿಂತ ನೂರು ಜನರಿಗೆ ಎರಡೂ ಒಂದೇ ರೈಲು.

ಇದು ನಮಗೆ ಪೂರ್ತಿ ಹೊಸದೇನಲ್ಲ. ಬೆಂಗಳೂರಿಗೆ ಬರುವ ರೈಲಿನ ಎಂಜಿನ್ನಿನ ಮೇಲೆ ‘ಡಬ್ಲ್ಯೂಎಪಿ-7’ ಅಂತ ಬರೆದಿರುತ್ತದೆ. ಡಬ್ಲ್ಯೂ ಅಂದರೆ ಬ್ರಾಡ್ ಗೇಜ್, ಎ ಅಂದರೆ ಎಸಿ ವಿದ್ಯುತ್ತು, ಪಿ ಅಂದರೆ ಪ್ಯಾಸೆಂಜರ್ ರೈಲು ಎಳೆಯುವ ಕೆಲಸ. ಒಂದರ್ಥದಲ್ಲಿ ನಮ್ಮ ಬರಹ ಬ್ರಿಟನ್ನಿನದಕ್ಕಿಂತ ವಾಚಾಳಿ. ಅವರ 66 ಏನನ್ನೂ ಬಾಯಿಬಿಟ್ಟು ಹೇಳುವುದಿಲ್ಲ, ಗೊತ್ತಿದ್ದವರಿಗೆ ಮಾತ್ರ ಗೊತ್ತು. ಕೆಎಸ್ಆರ್‌ಟಿಸಿ ಬಸ್ಸಿನ ನಂಬರಿನಲ್ಲಿ ‘ಎಫ್’ ಹುಡುಕಿ, ಯಾವ ವಿಭಾಗ, ಯಾವ ಘಟಕದ ಗಾಡಿ ಅಂತ ಹೇಳಿಬಿಡುವ ಹುಡುಗರು ನಮ್ಮೂರುಗಳಲ್ಲೂ ಇದ್ದಾರೆ. ಅವರನ್ನು ಡಾಂಕಾಸ್ಟರಿಗೆ ತಂದು ನಿಲ್ಲಿಸಿದರೆ ಭಾಷೆ ಬಾರದಿದ್ದರೂ ಈ ಹುಡುಗನ ಜೊತೆ ಅರ್ಧ ದಿನ ಕಳೆಯುತ್ತಾರೆ.

ಬ್ರಿಟನ್ನಿನಲ್ಲಿ ಇದು ಯಾವಾಗ ಶುರುವಾಯಿತು? ಮೊದಲ ಹೆಸರು ಅಂತ ಹೇಳುವುದು ಒಬ್ಬ ಹುಡುಗಿಯದು. ಫ್ಯಾನಿ ಜಾನ್ಸನ್, ವಯಸ್ಸು ಹದಿನಾಲ್ಕು. 1861ರಲ್ಲಿ ಲಂಡನ್ನಿನ ವೆಸ್ಟ್‌ಬೋರ್ನ್ ಪಾರ್ಕ್ ಕಡೆ ಓಡಾಡುತ್ತಿದ್ದ ಗ್ರೇಟ್ ವೆಸ್ಟರ್ನ್ ರೈಲ್ವೆಯ ಎಂಜಿನ್ನುಗಳ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಇದು ಗಂಡಸರ ಹವ್ಯಾಸ ಅನ್ನುವವರಿಗೆ ಈ ವಿಷಯ ಹೇಳಿ ನೋಡಿ, ಮುಖ ನೋಡುವ ಹಾಗಿರುತ್ತದೆ.

ಹವ್ಯಾಸಕ್ಕೆ ಪುಸ್ತಕದ ರೂಪ ಕೊಟ್ಟವನು ಇಯಾನ್ ಆಲನ್. ಹುಡುಗನಾಗಿದ್ದಾಗಲೇ ಒಂದು ಕಾಲು ಕಳೆದುಕೊಂಡಿದ್ದ. ಲಂಡನ್ನಿನ ವಾಟರ್‌ಲೂನಲ್ಲಿ ಸದರ್ನ್ ರೈಲ್ವೆಯ ಆಫೀಸಿನಲ್ಲಿ ಗುಮಾಸ್ತ. ಕೆಲಸ ಏನಪ್ಪಾ ಅಂದರೆ ಸಾರ್ವಜನಿಕರ ಪತ್ರಗಳಿಗೆ ಉತ್ತರ ಬರೆಯುವುದು. ಆ ಎಂಜಿನ್ ಯಾವುದು, ಇದು ಎಷ್ಟನೇ ನಂಬರ್, ಅದರ ಹೆಸರೇನು ಅಂತ ಒಂದೇ ಸಮ ಪತ್ರ ಬರುತ್ತಿದ್ದವು. ಬರೆದದ್ದನ್ನೇ ಎಷ್ಟು ಸಲ ಬರೆಯುವುದು? ಎಲ್ಲವನ್ನೂ ಒಂದು ಪುಸ್ತಕದಲ್ಲಿ ಅಚ್ಚು ಹಾಕಿಸಿಬಿಡೋಣ ಅಂದ. ಮೇಲಿನವರು ಬೇಡ ಅಂದರು. ತಾನೇ ಹಾಕಿಸಿದ. 1942ರಲ್ಲಿ, ಯುದ್ಧದ ನಡುವೆ, ಕಾಗದಕ್ಕೂ ಬರ ಇದ್ದ ಕಾಲದಲ್ಲಿ ಸದರ್ನ್ ರೈಲ್ವೆಯ ಎಂಜಿನ್ನುಗಳ ಎಬಿಸಿ ಹೊರಬಂತು. ಬೆಲೆ ಒಂದು ಶಿಲಿಂಗ್. ಅದರಲ್ಲಿ ಕತೆ ಇಲ್ಲ, ಬರೀ ನಂಬರುಗಳ ಪಟ್ಟಿ. ಅದು ಖರ್ಚಾಯಿತು. ಆಮೇಲೆ ಉಳಿದ ರೈಲ್ವೆಗಳ ಪಟ್ಟಿಗಳೂ ಬಂದವು.

ಒಂದು ಪಟ್ಟಿ ಅಚ್ಚಾದದ್ದರಿಂದ ಏನು ಬದಲಾಯಿತು? ಪಟ್ಟಿ ಇಲ್ಲದಾಗ ಕಂಡದ್ದನ್ನು ಬರೆದುಕೊಳ್ಳುತ್ತಿದ್ದರು, ಅಷ್ಟೇ. ಪಟ್ಟಿ ಬಂದ ಮೇಲೆ ಕಾಣದಿರುವುದೂ ಕಣ್ಣಿಗೆ ಬೀಳತೊಡಗಿತು. ಕಂಡ ನಂಬರಿನ ಕೆಳಗೆ ಸ್ಕೇಲು ಇಟ್ಟು ನೀಟಾಗಿ ಗೆರೆ ಎಳೆಯಬೇಕು. ಗೆರೆ ಇಲ್ಲದ ನಂಬರುಗಳು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತವೆ. ಒಂದು ಜಾತಿಯಲ್ಲಿ ಒಂದೇ ಒಂದು ಉಳಿದಿದ್ದರೆ ಅದು ನಿದ್ದೆ ಕೆಡಿಸುತ್ತದೆ. ಹೊಸ ನಂಬರ್ ಮೊದಲ ಸಲ ಕಂಡರೆ ಅದಕ್ಕೆ ‘ಕಾಪ್’ ಅನ್ನುತ್ತಾರೆ. ಚಿಕ್ಕಂದಿನಲ್ಲಿ ನಾವು ಬೆಂಕಿಪೊಟ್ಟಣದ ಚಿತ್ರ, ಸ್ಟಾಂಪು ಕೂಡಿಡುತ್ತಿದ್ದೆವಲ್ಲ, ಅದೇ ಚಟ. ಇಲ್ಲಿ ಮನೆಗೆ ಒಯ್ಯುವುದಕ್ಕೆ ವಸ್ತು ಇಲ್ಲ, ಗೆರೆ ಮಾತ್ರ.

ಹುಡುಗರು ಎಷ್ಟು ಸೇರಿದರೆಂದರೆ ತಲೆನೋವೇ ಆಯಿತು. ಟ್ಯಾಮ್‌ವರ್ತ್ ಸ್ಟೇಷನ್ನಿನಲ್ಲಿ ಒಂದು ರೈಲುದಾರಿಯ ಮೇಲೆ ಇನ್ನೊಂದು ದಾಟುತ್ತದೆ. ಒಂದೇ ಕಡೆ ನಿಂತರೆ ಎರಡು ದಾರಿಯ ಎಂಜಿನ್ ಸಿಗುತ್ತವೆ. ಅಲ್ಲಿ ಹುಡುಗರು ಹಳಿಗೇ ಇಳಿದು ಗಲಾಟೆಯಾದ ಮೇಲೆ ಆಲನ್ 1940ರ ದಶಕದಲ್ಲಿ ಒಂದು ಕ್ಲಬ್ಬು ಶುರುಮಾಡಿದ. ಸೇರಬೇಕಾದರೆ ಹಳಿಗೆ ಇಳಿಯುವುದಿಲ್ಲ, ರೈಲ್ವೆಯವರ ಕೆಲಸಕ್ಕೆ ಅಡ್ಡ ಬರುವುದಿಲ್ಲ ಅಂತ ಮಾತು ಕೊಡಬೇಕು. ಲಕ್ಷಕ್ಕೂ ಮೀರಿ ಹುಡುಗರು ಸೇರಿದರು.

ಅವರಿಗೆ ಓದಲು ಬೇಕಾದಷ್ಟಿತ್ತು. 1948ರಲ್ಲಿ ನಾಲ್ಕು ದೊಡ್ಡ ಖಾಸಗಿ ರೈಲ್ವೆಗಳನ್ನು ಸೇರಿಸಿ ಸರ್ಕಾರ ಒಂದೇ ರೈಲ್ವೆ ಮಾಡಿದಾಗ ಸುಮಾರು 20 ಸಾವಿರ ಸ್ಟೀಮ್ ಎಂಜಿನ್ನುಗಳಿದ್ದವು. ಬೇರೆ ಬೇರೆ ಕಂಪನಿಯಲ್ಲಿ ಒಂದೇ ನಂಬರ್ ಇದ್ದರೆ ಏನು ಮಾಡುವುದು? ಸುಲಭದ ದಾರಿ ಹುಡುಕಿದರು. ಸದರ್ನ್ ರೈಲ್ವೆಯ ನಂಬರುಗಳಿಗೆ 30 ಸಾವಿರ ಕೂಡಿಸಿದರು, ಎಲ್ಎಂಎಸ್ ಕಂಪನಿಯವಕ್ಕೆ 40 ಸಾವಿರ, ಎಲ್ಎನ್ಇಆರ್‌ನವಕ್ಕೆ 60 ಸಾವಿರ. ಗ್ರೇಟ್ ವೆಸ್ಟರ್ನ್ ಎಂಜಿನ್ನುಗಳನ್ನು ಮಾತ್ರ ಮುಟ್ಟಲಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ. ಉಳಿದವರು ನಂಬರಿಗೆ ಬಣ್ಣ ಬಳಿಯುತ್ತಿದ್ದರು, ಇವರು ಹಿತ್ತಾಳೆಯಲ್ಲಿ ಎರಕ ಹೊಯ್ದು ತಟ್ಟೆ ಮಾಡಿ ಹೊಡೆದಿದ್ದರು. ಅಷ್ಟೂ ತಟ್ಟೆ ಕೀಳುವವರು ಯಾರು?

ಹೀಗಾಗಿ ನಂಬರ್ ನೋಡಿದರೆ ಎಂಜಿನ್ನಿನ ಹುಟ್ಟೂರು ಗೊತ್ತಾಗುತ್ತಿತ್ತು. ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಅನ್ನುವ ಸ್ಟೀಮ್ ಎಂಜಿನ್ನನ್ನೇ ನೋಡಿ. ನಾವು ನಿಂತಿದ್ದ ಸ್ಟೇಷನ್ನಿಗೆ ತಾಗಿಕೊಂಡೇ ಇರುವ ಡಾಂಕಾಸ್ಟರ್ ಕಾರ್ಖಾನೆಯಲ್ಲಿ 1923ರಲ್ಲಿ ಅದು ತಯಾರಾದಾಗ ನಂಬರ್ 1472. ಮುಂದಿನ ವರ್ಷ 4472. 1946ರಲ್ಲಿ ಒಮ್ಮೆ 502, ಆಮೇಲೆ 103. ಅದಕ್ಕೆ 60 ಸಾವಿರ ಕೂಡಿ 60103. ಐದು ನಂಬರು, ಒಂದೇ ಎಂಜಿನ್. ಇಷ್ಟು ವರ್ಷದಲ್ಲಿ ಅದರ ಬಾಯ್ಲರೂ ಬದಲಾಗಿದೆ. ಹಾಗಾದರೆ ನೋಡಿದ್ದು ಯಾವುದನ್ನು ಅಂತ ಕೇಳಿದರೆ ಆ ಹುಡುಗನ ಬಳಿ ಉತ್ತರ ಸಿದ್ಧ ಇತ್ತು: “ಆ ದಿನ ಅದರ ಮೇಲೆ ಏನು ಬರೆದಿತ್ತೋ ಅದನ್ನು.” 1938ರ ಜುಲೈ 3ರಂದು ಗಂಟೆಗೆ 126 ಮೈಲಿ, ಅಂದರೆ 200 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಓಡಿ ಇವತ್ತಿಗೂ ಸ್ಟೀಮ್ ಎಂಜಿನ್ನುಗಳಲ್ಲಿ ದಾಖಲೆ ಇಟ್ಟುಕೊಂಡಿರುವ ‘ಮ್ಯಾಲಾರ್ಡ್’ ಕೂಡ ಇದೇ ಕಾರ್ಖಾನೆಯ ಮಗು. ಊರಿಗೆ ಜಂಬ ಇರಬೇಕಾದ್ದೇ. ಅಂದಹಾಗೆ ಈ ಸ್ಟೇಷನ್ನಿನಲ್ಲಿ ಸೊನ್ನೆ ನಂಬರಿನ ಪ್ಲಾಟ್‌ಫಾರ್ಮ್ ಇದೆ. 2016ರಲ್ಲಿ ಹೊಸದೊಂದನ್ನು ಒಂದನೆಯದರ ಈಚೆ ಕಟ್ಟಿದರು. ಎಲ್ಲಕ್ಕೂ ನಂಬರ್ ಬದಲಿಸುವ ಬದಲು ಸೊನ್ನೆ ಅಂದುಬಿಟ್ಟರು.

1968ರ ಆಗಸ್ಟ್ 11ಕ್ಕೆ ಬ್ರಿಟಿಷ್ ರೈಲಿನ ಮುಖ್ಯ ದಾರಿಗಳಲ್ಲಿ ಸ್ಟೀಮ್ ಕಾಲ ಮುಗಿಯಿತು. ಆ ರೈಲ್ವೆ ಕಟ್ಟಿದ ಕೊನೆಯ ಸ್ಟೀಮ್ ಎಂಜಿನ್ ‘ಈವ್ನಿಂಗ್ ಸ್ಟಾರ್’, ನಂಬರ್ 92220. 1960ರಲ್ಲಿ ಸ್ವಿಂಡನ್‌ನಲ್ಲಿ ತಯಾರಾಯಿತು, 1965ರಲ್ಲೇ ಕೆಲಸದಿಂದ ತೆಗೆದರು. ಐದೇ ವರ್ಷ. ಈಗ ಅದು ಯಾರ್ಕ್‌ನಲ್ಲಿರುವ ರಾಷ್ಟ್ರೀಯ ರೈಲ್ವೆ ಮ್ಯೂಸಿಯಮ್ಮಿಗೆ ಸೇರಿದ್ದು.

ಇಲ್ಲಿಗೆ ಆ ಹುಡುಗ ಯಾಕೆ ಚಳಿಯಲ್ಲಿ ನಿಂತಿದ್ದ ಅನ್ನುವುದು ಗೊತ್ತಾಗುತ್ತದೆ. ಬ್ರಿಟನ್ನಿಗೆ ಹೊಸದಾಗಿ ತಯಾರಾಗಿ ಬಂದ ಕೊನೆಯ ಷೆಡ್ 66779. ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಆ ಥರದ ಎಂಜಿನ್ನನ್ನು ಹೊಸದಾಗಿ ತರಿಸುವ ಹಾಗಿರಲಿಲ್ಲ. ಅದರ ಮಾಲೀಕರಾದ ಜಿಬಿ ರೈಲ್‌ಫ್ರೈಟ್ ಕಂಪನಿಯವರು ತಮ್ಮ ಮಾಮೂಲಿ ನೀಲಿ ಬಣ್ಣ ಬಿಟ್ಟು, ಹಳೇ ಸ್ಟೀಮ್ ಎಂಜಿನ್ನಿನ ಹಾಗೆ ಗೆರೆ ಎಳೆದ ಗಾಢ ಹಸಿರು ಬಳಿದರು. 2016ರಲ್ಲಿ ಯಾರ್ಕ್ ಮ್ಯೂಸಿಯಮ್ಮಿನಲ್ಲೇ ಹೆಸರಿಟ್ಟರು. ಏನು ಹೆಸರು? ಈವ್ನಿಂಗ್ ಸ್ಟಾರ್. ಕೊನೆಯದಕ್ಕೆ ಕೊನೆಯದರ ಹೆಸರು. ನಿಲ್ದಾಣದಲ್ಲಿ ಬೇರೆ ಯಾರಿಗೆ ಕಂಡರೂ ಅದು ಒಂದು ಹಸಿರು ಎಂಜಿನ್. ಹುಡುಗನಿಗೆ ಮಾತ್ರ ಅಜ್ಜನ ಹೆಸರಿಟ್ಟುಕೊಂಡ ಮೊಮ್ಮಗ.

ಸರಿ, ಬರುತ್ತದೆ ಅಂತ ಅವನಿಗೆ ಹೇಗೆ ಗೊತ್ತು? ನಿಲ್ದಾಣದ ಬೋರ್ಡಿನಲ್ಲಿ ಅದು ಇಲ್ಲ. ಬೋರ್ಡು ಪ್ರಯಾಣಿಕರಿಗೆ, ಬರುತ್ತಿರುವುದು ಬೋಗಿ ಇಲ್ಲದ ಒಂಟಿ ಎಂಜಿನ್.

ಇದು ಎರಡನೇ ಪಾಠ, ಹೆಡ್‌ಕೋಡ್. ಬ್ರಿಟನ್ನಿನ ಪ್ರತಿ ರೈಲಿಗೂ ನಾಲ್ಕು ಗುರುತಿನ ಒಂದು ಚೀಟಿ ಇರುತ್ತದೆ. ಒಂದು ಅಂಕಿ, ಒಂದು ಅಕ್ಷರ, ಮತ್ತೆ ಎರಡು ಅಂಕಿ. ಮೊದಲ ಅಂಕಿ ರೈಲಿನ ಅಂತಸ್ತು. 1 ಎಕ್ಸ್‌ಪ್ರೆಸ್, 2 ಎಲ್ಲ ಕಡೆ ನಿಲ್ಲುವ ಮಾಮೂಲಿ ರೈಲು, 5 ಖಾಲಿ ಬೋಗಿಗಳು. 4 ಅಂದರೆ ಗಂಟೆಗೆ 75 ಮೈಲಿ ಓಡಬಲ್ಲ ಗೂಡ್ಸ್, ಹೆಚ್ಚಾಗಿ ಕಂಟೇನರ್ ರೈಲು. 6 ಅಂದರೆ 60 ಮೈಲಿಯ ಗೂಡ್ಸ್. 0 ಅಂದರೆ ಒಂಟಿ ಎಂಜಿನ್. ಅಕ್ಷರ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಸುಳಿವು, ಕೊನೆಯ ಎರಡಂಕಿ ಆ ದಿನದ ಆ ರೈಲಿಗೆ ಮಾತ್ರ. ‘1ಎಸ್’ ಅಂತ ಶುರುವಾದರೆ ಅದು ಸ್ಕಾಟ್ಲೆಂಡಿಗೆ ಹೊರಟ ಎಕ್ಸ್‌ಪ್ರೆಸ್. ಒಂದು ಕಾಲದಲ್ಲಿ ಇದನ್ನು ಎಂಜಿನ್ನಿನ ಹಣೆಯ ಮೇಲೇ ದೊಡ್ಡದಾಗಿ ತೋರಿಸುತ್ತಿದ್ದರು. ಹಳಿ ಪಕ್ಕದ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕುಳಿತವರು ಕಿಟಕಿಯಿಂದ ನೋಡಿ ಯಾವ ರೈಲು ಅಂತ ತಿಳಿಯಬೇಕಿತ್ತು. ಎಲ್ಲೋ ದೂರದಲ್ಲಿ ಕುಳಿತು ಪರದೆಯಲ್ಲಿ ನೋಡುವ ಕಾಲ ಬಂದ ಮೇಲೆ ಅದು ಬೇಡವಾಯಿತು, 1976ರಲ್ಲಿ ನಿಲ್ಲಿಸಿದರು.

ಹಣೆಬರಹ ಅಳಿಸಿತು, ಪರದೆಯಲ್ಲಿ ಉಳಿಯಿತು. ಸಿಗ್ನಲ್ ನೋಡಿಕೊಳ್ಳುವವರ ಪರದೆಯಲ್ಲಿ ಹಳಿ ಒಂದು ಗೆರೆ, ಅದರ ಮೇಲೆ ಸಿಗ್ನಲ್ಲಿಗೊಂದು ಪುಟ್ಟ ಮನೆ. ರೈಲು ಒಂದು ಸಿಗ್ನಲ್ ದಾಟಿದರೆ ಅದರ ಹೆಡ್‌ಕೋಡ್ ಈ ಮನೆಯಿಂದ ಮುಂದಿನ ಮನೆಗೆ ಜಿಗಿಯುತ್ತದೆ. ಚೌಕಾಬಾರದ ಕಾಯಿ ನಡೆಸಿದ ಹಾಗೆ. ಹಳಿ ನೋಡಿಕೊಳ್ಳುವ ನೆಟ್‌ವರ್ಕ್ ರೈಲ್ ಸಂಸ್ಥೆ ಈ ಜಿಗಿತದ ಮಾಹಿತಿಯನ್ನು ಹತ್ತು ವರ್ಷಕ್ಕೂ ಹಿಂದೆಯೇ ಸಾರ್ವಜನಿಕರಿಗೆ ತೆರೆದಿಟ್ಟಿತು. ಅದನ್ನು ಬಳಸಿಕೊಂಡು ‘ರಿಯಲ್‌ಟೈಮ್ ಟ್ರೇನ್ಸ್’ನಂಥ ತಾಣಗಳು ಹುಟ್ಟಿದವು. ಗೂಡ್ಸ್ ರೈಲು, ಒಂಟಿ ಎಂಜಿನ್, ಎಲ್ಲವೂ ಅಲ್ಲಿ ಸಿಗುತ್ತವೆ. ಹುಡುಗ ಫೋನಿನಲ್ಲಿ ನೋಡುತ್ತಿದ್ದುದು ಇದನ್ನೇ. ಸೊನ್ನೆಯಿಂದ ಶುರುವಾಗುವ ಒಂದು ಕೋಡು ದಕ್ಷಿಣದಿಂದ ಮನೆ ಮನೆ ದಾಟಿ ಮೇಲೆ ಬರುತ್ತಿತ್ತು.

ಆದರೆ ಒಂಟಿ ಎಂಜಿನ್ ಬರುತ್ತಿದೆ ಅಂತ ಕೋಡು ಹೇಳುತ್ತದೆಯೇ ಹೊರತು ಅದು ಯಾವ ಎಂಜಿನ್ ಅಂತ ಹೇಳುವುದಿಲ್ಲ. ಅದಕ್ಕೆ ಮನುಷ್ಯರೇ ಬೇಕು. ಪೀಟರ್‌ಬರೋದಲ್ಲಿ ನಿಂತಿದ್ದ ಇನ್ನೊಬ್ಬ ಅದನ್ನು ನೋಡಿ ಗುಂಪಿಗೆ ಒಂದು ಸಾಲಿನ ಮೆಸೇಜ್ ಹಾಕಿದ್ದ. ಈ ಥರದ ಸುದ್ದಿಗೆ ‘ಜೆನ್’ ಅನ್ನುತ್ತಾರೆ. ಸುಳ್ಳು ಜೆನ್ ಹಾಕಿದವನ ಮರ್ಯಾದೆ ಒಂದೇ ದಿನದಲ್ಲಿ ಹೋಗುತ್ತದೆ.

ಇನ್ನು ಫೋಟೋ. ಯಾಕೆ ಪ್ಲಾಟ್‌ಫಾರ್ಮಿನ ತುದಿಗೇ ಹೋಗುತ್ತಾರೆ ಅಂದರೆ ಅಲ್ಲಿ ಜನ ಇಲ್ಲ, ಕಂಬ ಕಡಿಮೆ, ಚಾವಣಿಯ ನೆರಳಿಲ್ಲ. ಎಂಜಿನ್ನಿನ ಮುಖವೂ ಒಂದು ಪಕ್ಕವೂ ಒಟ್ಟಿಗೆ ಸಿಗುವ ಓರೆ ಕೋನ ಅಲ್ಲಿ ಸಿಗುತ್ತದೆ. ಬಿಸಿಲು ಎಂಜಿನ್ನಿನ ಮೂಗಿಗೆ ಬೀಳಬೇಕು, ಬೆನ್ನಿಗೆ ಬಿದ್ದರೆ ಮುಖ ಇದ್ದಿಲಾಗುತ್ತದೆ. ಹಾಗಾಗಿ ಬೆಳಿಗ್ಗೆ ಒಂದು ತುದಿ, ಮಧ್ಯಾಹ್ನದ ಮೇಲೆ ಇನ್ನೊಂದು ತುದಿ.

ವೇಗದ ಲೆಕ್ಕ ನೋಡಿ. ಈ ದಾರಿಯಲ್ಲಿ ಎಕ್ಸ್‌ಪ್ರೆಸ್ ರೈಲುಗಳು ಗಂಟೆಗೆ 200 ಕಿಲೋಮೀಟರ್ ಓಡುತ್ತವೆ. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 56 ಮೀಟರ್. ಕ್ಯಾಮೆರಾದ ಕಣ್ಣು ಸೆಕೆಂಡಿನ ಸಾವಿರದಲ್ಲೊಂದು ಭಾಗ ಮಾತ್ರ ತೆರೆದರೂ ಅಷ್ಟರಲ್ಲಿ ರೈಲು ಐದೂವರೆ ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ನೂರರಲ್ಲೊಂದು ಭಾಗ ತೆರೆದರೆ ಅರ್ಧ ಮೀಟರಿಗೂ ಜಾಸ್ತಿ, ಮುಖವೆಲ್ಲ ಕಲಸಿದ ಹಿಟ್ಟು. ಹಾಗಾದರೆ ಆದಷ್ಟು ಬೇಗ ಮುಚ್ಚಿದರೆ ಆಯಿತಲ್ಲ? ಅಲ್ಲೊಂದು ತೊಡಕಿದೆ. ರೈಲಿನ ಹಣೆಯ ಮೇಲೆ ಊರಿನ ಹೆಸರು ತೋರಿಸುವ ಎಲ್ಇಡಿ ದೀಪಗಳು ಸದಾ ಉರಿಯುತ್ತಿರುವುದಿಲ್ಲ. ಕಣ್ಣಿಗೆ ಗೊತ್ತಾಗದಷ್ಟು ಬೇಗ ಹತ್ತಿ ಆರುತ್ತಿರುತ್ತವೆ. ಕ್ಯಾಮೆರಾ ತೀರಾ ಬೇಗ ಮುಚ್ಚಿಕೊಂಡರೆ ಅರ್ಧ ಅಕ್ಷರ ಸಿಗುತ್ತದೆ, ಅರ್ಧ ಕತ್ತಲು. ರೈಲು ಸ್ಪಷ್ಟ ಬೇಕೋ, ಅಕ್ಷರ ಪೂರ್ತಿ ಬೇಕೋ? ಎರಡೂ ಬೇಕಾದರೆ ರೈಲು ನಿಧಾನಿಸಿ ಪ್ಲಾಟ್‌ಫಾರ್ಮಿಗೆ ಬರುವ ಕೊನೆಯ ಕ್ಷಣಗಳಿಗೆ ಕಾಯಬೇಕು. ಹುಡುಗ ತನ್ನ ಕ್ಯಾಮೆರಾದಲ್ಲಿದ್ದ ಎರಡು ಫೋಟೋ ತೋರಿಸಿದ. ಒಂದರಲ್ಲಿ ಎಡಿನ್‌ಬರೋದ ತಲೆ ಮಾತ್ರ ಇತ್ತು.

ಹಳೇ ಫೋಟೋಗಳಲ್ಲಿ ಬ್ರಿಟಿಷ್ ಡೀಸೆಲ್ ಎಂಜಿನ್ನುಗಳ ಮುಖಕ್ಕೆ ಅರಿಶಿನ ಬಳಿದ ಹಾಗೆ ಹಳದಿ ಇರುವುದನ್ನು ನೀವು ನೋಡಿರಬಹುದು. ಅಲಂಕಾರಕ್ಕಲ್ಲ. ಸ್ಟೀಮ್ ಎಂಜಿನ್ ದೂರದಿಂದಲೇ ಹೊಗೆ, ಸದ್ದು ಮಾಡಿಕೊಂಡು ಬರುತ್ತಿತ್ತು. ಡೀಸೆಲ್ಲು, ವಿದ್ಯುತ್ತಿನ ರೈಲುಗಳು ಸದ್ದಿಲ್ಲದೆ ಬಂದು ಹಳಿ ಮೇಲೆ ಕೆಲಸ ಮಾಡುವವರ ಜೀವಕ್ಕೆ ಅಪಾಯವಾದವು. ಅದಕ್ಕೇ 1960ರ ದಶಕದಿಂದ ಹಳದಿ. ದೀಪಗಳು ಚೆನ್ನಾಗಿ ಪ್ರಖರವಾದ ಮೇಲೆ 2016ರಿಂದ ಈ ನಿಯಮ ಸಡಿಲಾಯಿತು. ಅಜುಮಾದ ಮುಖದಲ್ಲಿ ಹಳದಿ ಇಲ್ಲದ್ದಕ್ಕೆ ಕಾರಣ ಅದು. ಹುಡುಗನಿಗೆ ಇದರ ಬಗ್ಗೆ ಬೇಜಾರು. ಹಳದಿ ಇದ್ದರೆ ಮೋಡದ ದಿನವೂ ಫೋಟೋ ಎದ್ದು ಕಾಣುತ್ತಂತೆ.

ಸ್ವಂತಕ್ಕೆ ಫೋಟೋ ತೆಗೆಯಲು ಬ್ರಿಟನ್ನಿನ ಸ್ಟೇಷನ್ನುಗಳಲ್ಲಿ ಅಡ್ಡಿಯಿಲ್ಲ, ನಿಯಮಗಳಿವೆ. ಹಳದಿ ಗೆರೆ ದಾಟಬಾರದು. ಫ್ಲಾಷ್ ಹಾಕಲೇಬಾರದು, ಚಾಲಕರ ಕಣ್ಣು ಕೋರೈಸುತ್ತದೆ. ರೈಲ್ವೆ ಕೆಲಸಗಾರರು ಹಾಕುವ ಥರದ ಹೊಳೆಯುವ ಕಿತ್ತಳೆ, ಹಳದಿ ಜಾಕೆಟ್ ಹಾಕಿಕೊಂಡು ಬರಬಾರದು. ಇದು ವಿಚಿತ್ರ ಅನ್ನಿಸಬಹುದು, ಆದರೆ ಆ ಬಣ್ಣವೂ ಒಂದು ಬರಹವೇ. ಹಳಿ ಪಕ್ಕ ಕೆಲಸದವರಿದ್ದಾರೆ ಅಂತ ಚಾಲಕ ಓದಿಕೊಳ್ಳುತ್ತಾನೆ. ಸುಳ್ಳು ಬರಹ ತೋರಿಸಬಾರದು. ಮೇಲಿನ ತಂತಿಯಲ್ಲಿ 25 ಸಾವಿರ ವೋಲ್ಟ್ ಇರುತ್ತದೆ. ಉದ್ದ ಕೋಲಿಗೆ ಕ್ಯಾಮೆರಾ ಕಟ್ಟಿ ಎತ್ತುವವರಿಗೆ ಗೊತ್ತಿರಲಿ, ತಂತಿಯನ್ನು ಮುಟ್ಟಬೇಕಾಗಿಲ್ಲ, ಹತ್ತಿರ ಹೋದರೂ ಸಾಕು.

ಬ್ರಿಟನ್ನಿನವರು ಈ ಹುಡುಗರನ್ನು ಬಹಳ ಕಾಲ ಗೇಲಿ ಮಾಡಿದ್ದಾರೆ. ‘ಅನೋರಾಕ್’ ಅನ್ನುವುದು ತಲೆಗವಸು ಇರುವ ಒಂದು ಜಾಕೆಟ್ಟಿನ ಹೆಸರು. ಸ್ಪಾಟರುಗಳು ಮಳೆಯಲ್ಲಿ ಅದನ್ನು ಹಾಕಿಕೊಂಡು ನಿಲ್ಲುತ್ತಿದ್ದರು. ಬರಬರುತ್ತಾ ಅದು ಬೈಗುಳವೇ ಆಯಿತು. ಯಾರಿಗೂ ಬೇಡದ ವಿಷಯ ತಲೆಯಲ್ಲಿ ತುಂಬಿಕೊಂಡವನು ಅನೋರಾಕ್. ಈಚೆಗೆ ಸ್ವಲ್ಪ ಬದಲಾಗಿದೆ. ಫ್ರಾನ್ಸಿಸ್ ಬೂರ್ಜ್ವಾ ಅನ್ನುವ ಹೆಸರಿನ ಯುವಕ ತನ್ನ ತಲೆಗೇ ಕ್ಯಾಮೆರಾ ಕಟ್ಟಿಕೊಂಡು, ರೈಲು ಬಂದಾಗ ತನ್ನ ಮುಖದಲ್ಲಿ ಉಕ್ಕುವ ಖುಷಿಯನ್ನೇ ಟಿಕ್‌ಟಾಕ್‌ನಲ್ಲಿ ತೋರಿಸಿ 2021ರ ಹೊತ್ತಿಗೆ ಪ್ರಸಿದ್ಧನಾದ. ಮುಂದೆ ದೊಡ್ಡ ಫ್ಯಾಷನ್ ಕಂಪನಿಗಳ ಜಾಹೀರಾತಿನಲ್ಲೂ ಕಾಣಿಸಿಕೊಂಡ, ಅದೂ ಜಾಕೆಟ್ ಹಾಕಿಕೊಂಡು. ನನಗೆ ಈ ಗೇಲಿ ಎಂದೂ ಅರ್ಥವಾಗಿಲ್ಲ. 1974ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಾಗ ಸೆಮಿಫೈನಲ್ಲಿನಲ್ಲಿ ಪ್ರಸನ್ನ ಗವಾಸ್ಕರರನ್ನು ಬೌಲ್ಡ್ ಮಾಡಿದ ಎಸೆತವನ್ನು ಇವತ್ತಿಗೂ ಕೈಯಲ್ಲಿ ತಿರುಗಿಸಿ ತೋರಿಸುವ ಹಿರಿಯರಿದ್ದಾರೆ. ಅವರನ್ನು ಯಾರಾದರೂ ಹುಚ್ಚರು ಅನ್ನುತ್ತಾರಾ?

ಬೌಲ್ಡ್ ಅನ್ನುವ ಮಾತು ಸ್ಪಾಟರುಗಳ ಬಾಯಲ್ಲೂ ಇದೆ. ಅದರ ಅರ್ಥ ನನಗೆ ಕಣ್ಣಾರೆ ಕಾಣಿಸಿತು.

ಫೋನಿನಲ್ಲಿ ಕೋಡು ಕೊನೆಯ ಮನೆಗೆ ಜಿಗಿಯಿತು. ಹುಡುಗ ಫೋನನ್ನು ಜೇಬಿಗೆ ತುರುಕಿ ಕ್ಯಾಮೆರಾ ಎತ್ತಿದ. ದೂರದಲ್ಲಿ ಒಂದು ಬಿಳಿ ದೀಪ. ಎಂಜಿನ್ನು ನಡುವಿನ ಹಳಿಯಲ್ಲಿ ಬರುತ್ತಿತ್ತು, ನಾವು ನಿಂತ ಅಂಚಿಗೂ ಅದಕ್ಕೂ ನಡುವೆ ಇನ್ನೊಂದು ಹಳಿ. ಆ ಹಳಿಯಲ್ಲಿ, ಅದೇ ಹೊತ್ತಿಗೆ, ಉತ್ತರಕ್ಕೆ ಹೊರಟ ಅಜುಮಾ ನಿಲ್ಲಲು ಬಂತು. ಉದ್ದನೆಯ ಬಿಳಿ, ಕೆಂಪು ಗೋಡೆಯೊಂದು ನಮ್ಮ ಮುಂದೆ ಸರಿಯತೊಡಗಿತು. ಹುಡುಗ ಬಗ್ಗಿದ, ತುದಿಗಾಲಲ್ಲಿ ನಿಂತ, ಹಳದಿ ಗೆರೆಯ ಈಚೆಯೇ ಎರಡು ಹೆಜ್ಜೆ ಓಡಿದ. ಆಚೆಯಿಂದ ಷೆಡ್ಡಿನ ಗುಡುಗು ಕೇಳಿಸಿತು. ಅಜುಮಾದ ಕಿಟಕಿಗಳ ಮೂಲಕ, ಕಾಫಿ ಕುಡಿಯುತ್ತಿದ್ದ ಒಬ್ಬ ಹೆಂಗಸಿನ ಭುಜದ ಹಿಂದೆ, ಗಾಢ ಹಸಿರು ಬಣ್ಣ ಒಂದು ಸಲ ಹಾದುಹೋಯಿತು. ಗೋಡೆ ನಿಂತಿತು, ಬಾಗಿಲು ತೆರೆಯಿತು, ಜನ ಇಳಿದರು. ಗುಡುಗು ಯಾರ್ಕ್ ಕಡೆ ಹೋಗಿ ಕರಗಿತು.

“ಬೌಲ್ಡ್,” ಅಂದ ಹುಡುಗ.

ಜೇಬಿನಿಂದ ಪುಸ್ತಕ ತೆಗೆದ. ಪುಟ ತಿರುಗಿಸಿದ. 66ರ ಉದ್ದದ ಸಾಲುಗಳಲ್ಲಿ ಹೆಚ್ಚುಕಡಿಮೆ ಎಲ್ಲದರ ಕೆಳಗೂ ಕೆಂಪು ಗೆರೆ. 66779ರ ಪಕ್ಕಕ್ಕೆ ಪೆನ್ನು ತಂದು ಹಾಗೇ ಹಿಡಿದ.

“ಎಳೆದುಬಿಡು,” ಅಂದೆ. “ಆ ಹಸಿರಿನದು ಅದೊಂದೇ ಅಲ್ವಾ?”

“ಅದೊಂದೇ.”

“ಮತ್ತೆ? ನೋಡಿದೆಯಲ್ಲ.”

“ಬಣ್ಣ ನೋಡಿದೆ,” ಅಂದ. “ನಂಬರ್ ಓದಲಿಲ್ಲ.” ಪೆನ್ನಿನ ಕ್ಯಾಪು ಹಾಕಿ ಪುಸ್ತಕವನ್ನು ಜೇಬಿಗಿಟ್ಟುಕೊಂಡ.